ಒಂದೇ ಹುಡುಗ, ನಾಲ್ಕು ನಂಬರ್: ದಮ್ಮು ಅಳಿಲಿಕ್ಕೆ ಯಾವ ಟೆಸ್ಟ್ ಖರೆ?

ಗ್ರೌಂಡ್_ಮಾಸ್ತರ್ · ಕಲಬುರಗಿ

ಎಲ್ಲಾರಿಗೂ ಶರಣು ಶರಣಾರ್ಥಿ. ಪೊಲೀಸ್ ಮತ್ತ ಎಸ್‌ಎಸ್‌ಸಿ ಜಿಡಿಗೆ (ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಭರ್ತಿ) ತಯಾರಿ ನಡಿಸಿದ ಹುಡುಗರನ್ನ ಮುಂಜಾನಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಾಗ ಓಡಸ್ತೀನಿ. ಅವರೊಳಗ ಒಬ್ಬಾಂವ ಇದ್ದಾನ, 22 ವರ್ಷ, 61 ಕಿಲೋ. ಅವಂದು ನಾಲ್ಕು ನಂಬರ್ ನನ್ನ ಕೈಯಾಗ ಅದಾವ, ಒಂದಕ್ಕೊಂದು ತಾಳ ಇಲ್ಲ.

ಅವನ ಸ್ಮಾರ್ಟ್ ವಾಚು ವಿಒ2 ಮ್ಯಾಕ್ಸ್ (ಒಂದು ಕಿಲೋ ಮೈತೂಕಕ್ಕ ನಿಮಿಷಕ್ಕ ಹೆಚ್ಚಂದ್ರ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸ್ತಾನ ಅನ್ನೋದು) 52 ಅಂತದ. 12 ನಿಮಿಷದ ಕೂಪರ್ ಟೆಸ್ಟಿನಾಗ 2480 ಮೀಟರ್ ಓಡ್ಯಾನ, ಸೂತ್ರ ಹಾಕಿದ್ರ 44. ಎದಿ ಹಿಡದಂಗ ಆಗ್ತದ ಅಂದಿದ್ದಕ್ಕ ಅವರಪ್ಪ ಒಂದು ದವಾಖಾನಿಯಾಗ ಟಿಎಂಟಿ (ಟ್ರೆಡ್‌ಮಿಲ್ ಬೆಲ್ಟಿನ ಮ್ಯಾಲ ನಡಸಿ ಮಾಡೋ ಹೃದಯ ಪರೀಕ್ಷೆ) ಮಾಡಿಸಿದ್ರು. ವರದಿ ನಾರ್ಮಲ್. ಆದ್ರ ಅದರಾಗ 10.1 ಮೆಟ್ಸ್ (ಸುಮ್ಮನ ಕೂತಾಗ ಬೇಕಾಗೋ ಆಮ್ಲಜನಕದ 10.1 ಪಟ್ಟು) ಅಂತ ಬರದದ, 3.5ರಿಂದ ಗುಣಿಸಿದ್ರ 35. ಇನ್ನ 1600 ಮೀಟರ್ 6 ನಿಮಿಷ 28 ಸೆಕೆಂಡಿಗೆ ಮುಗಸ್ತಾನ. ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನೋದನ್ನ 3.5ರಿಂದ ಗುಣಿಸ್ರಿ ಅಂತ ಯಾರೋ ಹೇಳಿದ್ರು, ಗುಣಿಸಿದ್ರ ಮತ್ತ 52.

35, 44, 52, 52. ಹುಡುಗ ಕೇಳ್ತಾನ, "ಸರ್, ನಾ ಫಿಟ್ ಅದೀನೋ ಇಲ್ಲೋ?" ಬೆಂಗಳೂರಿಗೆ ಹೋಗಿ ಉಸಿರು ಅಳಿಯೋ ಮಾಸ್ಕ್ ಹಾಕ್ಕೊಂಡು ಮಾಡಸೋದು ಒಂದೇ ದಾರಿಯೇನ್ರಿ?

ಜೇವರ್ಗಿ_ರನ್ನರ್

52 ಇಟ್ಕೊಳ್ರಿ ಸರ್. ಎರಡು ಓಟು ಬಿದ್ದಾವಲ್ಲ.

ಆಳಂದ_ಲ್ಯಾಬ್ · ಈಗ ಬೆಂಗಳೂರು

ಮಾಸ್ತರ್, ಈ ನಾಲ್ಕರಲ್ಲಿ ಒಂದೂ ಆಮ್ಲಜನಕವನ್ನು ಅಳೆದಿಲ್ಲ. ಒಂದು ದೂರವನ್ನು ಅಳೆದಿದೆ, ಒಂದು ವೇಳೆಯನ್ನು, ಒಂದು ಬೆಲ್ಟಿನ ಮೇಲೆ ಎಷ್ಟು ನಿಮಿಷ ನಿಂತ ಅನ್ನೋದನ್ನು, ಇನ್ನೊಂದು ನಾಡಿಬಡಿತವನ್ನು. ಆಮೇಲೆ ಪ್ರತಿಯೊಂದೂ ತನ್ನದೇ ಸೂತ್ರ ಹಿಡಿದು ಆಮ್ಲಜನಕಕ್ಕೆ ಬಂದು ನಿಂತಿದೆ. ಹಾಗಾಗಿ ಜಗಳ ಸಹಜ.

ನಾನು ಆಳಂದ ಕಡೆಯವಳು, ಬೆಂಗಳೂರಿನ ಒಂದು ಕ್ರೀಡಾ ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಇದು. ಮಾಸ್ಕ್ ಟೆಸ್ಟಿನಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಓಡುವವರು ಬರುವ ಮೊದಲೇ ಯಂತ್ರಕ್ಕೆ ಪರೀಕ್ಷೆ. 3 ಲೀಟರಿನ ದೊಡ್ಡ ಸಿರಿಂಜ್ ಹಿಡಿದು, ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಗಾಳಿ ತಳ್ಳುತ್ತೇವೆ. ಹೇಗೆ ತಳ್ಳಿದರೂ ಮೀಟರು 3 ಲೀಟರನ್ನೇ ತೋರಿಸಬೇಕು. ಆಮೇಲೆ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟೆಷ್ಟಿದೆ ಅಂತ ಮೊದಲೇ ಗೊತ್ತಿರುವ ಸಿಲಿಂಡರಿನ ಗ್ಯಾಸ್ ಬಿಟ್ಟು ಸೆನ್ಸರ್ ಸರಿ ಮಾಡುತ್ತೇವೆ. ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರಿದರೆ ಇಡೀ ಟೆಸ್ಟ್ ಹಾಳು. ದಟ್ಟ ಗಡ್ಡ ಬಿಟ್ಟ ಹುಡುಗರು ಬಂದರೆ ನಮಗೆ ಅರ್ಧ ತಾಸು ಹೆಚ್ಚಿನ ಕೆಲಸ.

ಟ್ರೆಡ್‌ಮಿಲ್ಲಿನ ವೇಗ ಅಥವಾ ಏರು ನಿಮಿಷ ನಿಮಿಷಕ್ಕೂ ಹೆಚ್ಚುತ್ತದೆ. 8ರಿಂದ 12 ನಿಮಿಷದೊಳಗೆ ಕೈಚೆಲ್ಲುವಂತೆ ಹೊಂದಿಸಿರುತ್ತೇವೆ. ತೀರಾ ಬೇಗ ಮುಗಿದರೆ ಹೃದಯ ಪೂರ್ತಿ ಏರಿರುವುದಿಲ್ಲ, ತೀರಾ ತಡವಾದರೆ ಬಿಸಿಗೆ, ಬೇಸರಕ್ಕೆ ನಿಲ್ಲುತ್ತಾರೆ. ಕೊನೆಕೊನೆಗೆ ವೇಗ ಏರಿದರೂ ಆಮ್ಲಜನಕದ ಗೆರೆ ಏರದೆ ಮಟ್ಟಸವಾಗುತ್ತದೆ. ಅದೇ ವಿಒ2 ಮ್ಯಾಕ್ಸ್. ಎಲ್ಲರಲ್ಲೂ ಆ ಮಟ್ಟಸ ಕಾಣುವುದಿಲ್ಲ. ಆಗ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಂಡ ಆಮ್ಲಜನಕದ 1.1 ಪಟ್ಟು ದಾಟಿತೇ, ನಾಡಿ ಎಲ್ಲಿಗೆ ಮುಟ್ಟಿತು, ಬೆರಳ ತುದಿಯ ರಕ್ತದಲ್ಲಿ ಲ್ಯಾಕ್ಟೇಟ್ (ಜೋರಾಗಿ ದುಡಿದ ಸ್ನಾಯು ಬಿಡುವ ವಸ್ತು) ಎಷ್ಟು ಅಂತ ನೋಡಿ ತೀರ್ಮಾನಿಸುತ್ತೇವೆ. ನಿಮ್ಮ 61 ಕಿಲೋ ಹುಡುಗನಿಗೆ 50 ಅಂದರೆ ನಿಮಿಷಕ್ಕೆ ಸುಮಾರು 3 ಲೀಟರ್ ಆಮ್ಲಜನಕ.

1920ರ ದಶಕದಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಎ.ವಿ. ಹಿಲ್ ಇದನ್ನೇ ಬೆನ್ನಿಗೆ ಚೀಲ ಕಟ್ಟಿಕೊಂಡು ಹುಲ್ಲಿನ ಮೈದಾನದಲ್ಲಿ ಸುತ್ತು ಓಡಿ ಮಾಡಿದ್ದರು. ಬಿಟ್ಟ ಉಸಿರೆಲ್ಲ ಡಗ್ಲಸ್ ಚೀಲದಲ್ಲಿ ತುಂಬಿ, ಆಮೇಲೆ ಕೂತು ಅಳೆಯೋದು. ಸ್ನಾಯುಗಳ ಮೇಲಿನ ಕೆಲಸಕ್ಕೆ 1922ರ ನೊಬೆಲ್ ಪಡೆದವರು, ಆದರೂ ಓಡುವ ಕೆಲಸವನ್ನು ಬೇರೆಯವರ ತಲೆಗೆ ಕಟ್ಟಲಿಲ್ಲ.

ಬೆಂಗಳೂರಿಗೆ ಬರಬೇಕೇ ಅಂದಿರಲ್ಲ, ಬೇಡ. ಪೊಲೀಸ್ ಇಲಾಖೆ ಅವನ ಆಮ್ಲಜನಕ ಕೇಳುವುದಿಲ್ಲ.

ಇಸಿಜಿ_ಅಣ್ಣ

ಟಿಎಂಟಿ ಬೆಲ್ಟ್ ನಡಸೋದೇ ನನ್ನ ನೌಕರಿ, ಅದಕ್ಕ 35ರ ಲೆಕ್ಕ ನಾ ಹೇಳ್ತೀನಿ ಕೇಳ್ರಿ.

ನಾವು ಮಾಡೋದು ಬ್ರೂಸ್ ಪ್ರೊಟೊಕಾಲ್. ಸಿಯಾಟಲಿನ ಹೃದಯ ಡಾಕ್ಟರ್ ರಾಬರ್ಟ್ ಬ್ರೂಸ್ 1963ರಾಗ ಕೊಟ್ಟಿದ್ದು. ಮೊದಲ್ನೇ ಹಂತ ತಾಸಿಗೆ 2.7 ಕಿಲೋಮೀಟರ್, ಏರು 10 ಪರ್ಸೆಂಟ್. ಮೂರು ನಿಮಿಷ ಆದ ಮ್ಯಾಲ 4 ಕಿಲೋಮೀಟರ್, 12 ಪರ್ಸೆಂಟ್. ಮತ್ತ ಮೂರು ನಿಮಿಷಕ್ಕ ಸುಮಾರು 5.5, 14 ಪರ್ಸೆಂಟ್. ಮೂರನೇ ಹಂತ ಮುಗೀತು ಅಂದ್ರ 9 ನಿಮಿಷ, ಮಷಿನ್ ತಾನೇ 10.1 ಮೆಟ್ಸ್ ಅಂತ ಛಾಪಿಸ್ತದ. ನಿಮ್ಮ ಹುಡುಗನ ಕಾಗದ ತಗದು ನೋಡ್ರಿ, ಟೈಮ್ 9 ನಿಮಿಷದ ಹತ್ರನೇ ಇರ್ತದ.

ಅಂವ ಸುಸ್ತಾಗಿ ನಿಂತಾನ ಅಂತ ತಿಳೀಬ್ಯಾಡ್ರಿ. 220ರಾಗ 22 ಕಳೀರಿ, 198. ಅದರ 85 ಪರ್ಸೆಂಟ್ 168. ನಾಡಿ ಅಲ್ಲಿಗೆ ಮುಟ್ಟಿತು ಅಂದ್ರ ಭಾಳ ಕಡಿ ಸಾಕು ಅಂತ ನಿಲ್ಲಸ್ತಾರ. ನಮಗ ಬೇಕಾಗಿದ್ದು ಇಸಿಜಿಯೊಳಗ ಎಸ್‌ಟಿ ಗೆರಿ (ಹೃದಯಕ್ಕ ರಕ್ತ ಸಾಲದಿದ್ರ ತಗ್ಗೋ ಗೆರಿ) ಕೆಳಗ ಇಳೀತದೋ ಇಲ್ಲೋ, ಬಿಪಿ ಹೆಂಗ ಏರ್ತದ, ಬಡಿತ ತಪ್ತದೇನು ಅನ್ನೋದು. ಅವನ ದಮ್ಮು ಎಲ್ಲಿಗೆ ಮುಗೀತದ ಅನ್ನೋದು ಅಲ್ಲ. ಇನ್ನೊಂದು ಮಜಾ: ಅದೇ 9 ನಿಮಿಷಕ್ಕ ಗಂಡಸರಿಗೆ ಅಂತ ಇರೋ ಫಾಸ್ಟರ್ ಸೂತ್ರ ಹಾಕಿದ್ರ 30 ಬರ್ತದ, 35 ಅಲ್ಲ. ಒಂದೇ ಕಾಗದ, ಎರಡು ನಂಬರ್.

ರಾಡಿನ ಕಥಿ ಬ್ಯಾರೆ. ಬೆಲ್ಟ್ ಏರಿದಂಗ ಮಂದಿ ಮುಂದಿನ ರಾಡಿಗೆ ಜೋತು ಬೀಳ್ತಾರ. ಅರ್ಧ ಭಾರ ಕೈ ಮ್ಯಾಲ, ಕಾಲು ಸುಮ್ಮನ ಬೆಲ್ಟ್ ಜೋಡಿ ಆಡ್ತಾವ. ಅವರು 12 ನಿಮಿಷ ನಿಂತ್ರೂ ಆ ಮೆಟ್ಸ್ ಖರೆ ಅಲ್ಲ. "ಬೆರಳ ತುದಿ ಅಷ್ಟೇ ಇಡ್ರಿ ಕಾಕಾ" ಅಂತ ನಾ ದಿನಾ ಒದರ್ತೀನಿ.

ಎದಿ ಹಿಡದಂಗ ಆಗ್ತದ ಅಂದಿದ್ದನ್ನ ಮಾತ್ರ ಹಗುರ ತಗೋಬ್ಯಾಡ್ರಿ. ಓಡೋವಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದಿದ್ರ, ಇಲ್ಲಾ ಮನಿತನದಾಗ ಸಣ್ಣ ವಯಸ್ಸಿನಾಗ ಯಾರರೆ ಒಮ್ಮಿಗೇ ತೀರಿಕೊಂಡಿದ್ರ, ಅದನ್ನ ಡಾಕ್ಟ್ರಿಗೆ ಬಾಯಿ ಬಿಟ್ಟು ಹೇಳ್ಬೇಕು. ಟಿಎಂಟಿ ನಾರ್ಮಲ್ ಬಂದ್ರೂ ಎಕೋ (ಹೃದಯದ ಸ್ಕ್ಯಾನ್) ಮಾಡಿಸ್ರಿ ಅಂತ ಹೇಳಬಹುದು.

ಗ್ರೌಂಡ್_ಮಾಸ್ತರ್

ಕಾಗದ ನೋಡಿದೆ ಅಣ್ಣಾ, 9:04. ನಿಲ್ಲಿಸಿದ ಕಾರಣ ಅನ್ನೋ ಕಡಿ ಟಾರ್ಗೆಟ್ ಹಾರ್ಟ್ ರೇಟ್ ಅಂತದ. ಎಕೋನೂ ಆಗ್ಯಾದ, ಡಾಕ್ಟ್ರು ಓಡ್ಲಿ ಅಂದಾರ. ಹಂಗಾದ್ರ 35 ಕೈ ಬಿಟ್ಟೆ.

ಖೋಖೋ_ಕಾಕಾ · ಸೇಡಂ

ಜ್ವಾಳ ಅಳಿಯೋ ಸೇರಿನಾಗ ಎಣ್ಣಿ ಅಳದಂಗ ಆಯ್ತು ಅದು. ಹೋಗ್ಲಿ ಬಿಡು.

ಮಾಸ್ತರ, ನನ್ನ ಮಾತು ಕೇಳು, ಬೀಪ್ ಟೆಸ್ಟ್ ಹಚ್ಚು. ಮಾಂಟ್ರಿಯಲಿನ ಲ್ಯೂಕ್ ಲೆಜರ್ 1982ರಾಗ ತಂದದ್ದು. 20 ಮೀಟರ್ ಅಂತರಕ್ಕ ಎರಡು ಗೆರಿ, ನಡುವ ಹೋಗೋದು ಬರೋದು, ಪ್ರತಿ ಬೀಪಿಗೆ ಗೆರಿ ಮುಟ್ಟಬೇಕು. ಶುರು ತಾಸಿಗೆ 8.5 ಕಿಲೋಮೀಟರ್, ಆಮ್ಯಾಲ ನಿಮಿಷಕ್ಕ ಅರ್ಧ ಅರ್ಧ ಏರ್ತದ. ಮೊದಮೊದಲು 20 ಮೀಟರಿಗೆ ಎಂಟೂವರಿ ಸೆಕೆಂಡ್ ಸಿಗ್ತದ, ಹುಡುಗರು ನಕ್ಕೋತ ಹೋಗ್ತಾರ. ಹತ್ತನೇ ಹಂತಕ್ಕ 13 ಕಿಲೋಮೀಟರ್, ಐದೂವರಿ ಸೆಕೆಂಡ್. ಅಷ್ಟೊತ್ತಿಗೆ ನಗು ಎಲ್ಲಾ ಬಂದ್ ಆಗಿರ್ತದ. ಎರಡು ಸಲ ಸಾಲಾಗಿ ಗೆರಿ ತಪ್ಪಿದ್ರ ಹೊರಗ. ಕೊನೆಗೆ ಪೂರಾ ಮಾಡಿದ ಹಂತದ ವೇಗಾನ 6ರಿಂದ ಗುಣಿಸಿ 27.4 ಕಳೀರಿ, ದೊಡ್ಡವರ ಲೆಕ್ಕ ಬಂತು.

ಒಂದೇ ಸಲಕ್ಕ ಇಪ್ಪತ್ತು ಮಂದೀನ ನಿಲ್ಲಿಸಬಹುದು. ಯಂತ್ರ ಬ್ಯಾಡ, 400 ಮೀಟರ್ ಟ್ರ್ಯಾಕ್ ಬ್ಯಾಡ. ಟೇಪು, ಸುಣ್ಣ, ಒಂದು ದೊಡ್ಡ ಸ್ಪೀಕರ್ ಸಾಕು. ಮೊಬೈಲ್ ಸ್ಪೀಕರ್ ನಡಿಯಂಗಿಲ್ಲ, ಹತ್ತು ಮಂದಿ ಬೂಟಿನ ಸದ್ದಿನಾಗ ಬೀಪು ಕೇಳಂಗಿಲ್ಲ.

ಜಾಗಾ ಮಾತ್ರ ನೋಡ್ಕೋ. ನಮ್ಮ ಕಡಿ ಎರೀ ನೆಲ. ಮಳಿ ಬಿದ್ದ ಮರುದಿನ ಬೂಟಿನ ಕೆಳಗ ಅರ್ಧ ಕಿಲೋ ಮಣ್ಣು ಹತ್ತಿರ್ತದ, ತಿರುಗೋವಾಗ ಜಾರ್ತಾರ. ಬ್ಯಾಸಿಗಿಯಾಗ ಅದೇ ನೆಲ ಬಿರುಕು ಬಿಟ್ಟು ಪಾದ ಮುರೀತದ. ಗಟ್ಟಿ ಮುರುಮಿನ ಜಾಗಾ ಇಲ್ಲಾ ಬ್ಯಾಡ್ಮಿಂಟನ್ ಹಾಲ್ ಆದ್ರ ಛಲೋ. ಮತ್ತ ತಿರುಗೋ ಕಾಲು ನೋಡು. ಭಾಳ ಮಂದಿ ಯಾವಾಗ್ಲೂ ಬಲಗಾಲೇ ಊರ್ತಾರ, ಏಳನೇ ಹಂತಕ್ಕ ಆ ತೊಡಿ ಬಿಗೀತದ, ದಮ್ಮು ಇದ್ರೂ ನಿಲ್ತಾರ. ಒಮ್ಮಿ ಎಡಕ್ಕ ಒಮ್ಮಿ ಬಲಕ್ಕ ತಿರುಗಲಿಕ್ಕೆ ಮೊದ್ಲೇ ಕಲಿಸು.

ಕೋಟೆ_ಬೀದರ್

ಕಾಕಾ, ಬೀಪ್ ಟೆಸ್ಟ್ ಹಳೇದಾಯ್ತು. ಈಗೆಲ್ಲ ಯೋ-ಯೋ. ಭಾರತ ಕ್ರಿಕೆಟ್ ತಂಡದವರೇ ಅದನ್ನ ಮಾಡ್ತಾರೆ, 2018ರಲ್ಲಿ 16.1 ದಾಟದಿದ್ದರೆ ತಂಡದಿಂದ ಹೊರಗೆ. ನಮ್ಮ ಕ್ಲಬ್ಬಿನ ಹುಡುಗರು 16 ದಾಟ್ತಾರೆ. ನಿಮ್ಮ ಬೀಪಿನಲ್ಲಿ ಹತ್ತಕ್ಕೇ ಸುಸ್ತು ಅಂತೀರಲ್ಲ.

ಇನ್ನೊಂದು ವಿಷಯ, ಬೀದರ್ ಕಲಬುರಗಿಗಿಂತ ಎತ್ತರದಲ್ಲಿದೆ, ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ. ಇಲ್ಲಿ ಓಡಿದವರ ನಂಬರ್‌ಗೆ ಸ್ವಲ್ಪ ಸೇರಿಸಿಕೊಳ್ಳಬೇಕು ಅಲ್ವಾ?

ಖೋಖೋ_ಕಾಕಾ

ಆ 16 ಬ್ಯಾರೆ, ಈ 10 ಬ್ಯಾರೆ, ತಮ್ಮಾ. ಯೋ-ಯೋದಾಗ ಪ್ರತಿ 40 ಮೀಟರಿಗೆ 10 ಸೆಕೆಂಡ್ ವಿಶ್ರಾಂತಿ ಸಿಗ್ತದ. ನಮ್ಮದರಾಗ ಒಂದು ಸೆಕೆಂಡೂ ಇಲ್ಲ.

ಆಳಂದ_ಲ್ಯಾಬ್

ಕಾಕಾ ಹೇಳಿದ್ದು ಸರಿ. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೋ ಯೋ-ಯೋ ಮಾಡಿದ್ದು ಫುಟ್‌ಬಾಲ್ ತರಹದ ಆಟಕ್ಕೆ: ಓಡು, ಸುಧಾರಿಸಿಕೋ, ಮತ್ತೆ ಓಡು. ಕ್ರಿಕೆಟಿನವರು ಮಾಡುವ ಮೊದಲ ಹಂತದ ಟೆಸ್ಟ್ ಶುರುವಾಗೋದೇ ಗಂಟೆಗೆ 10 ಕಿಲೋಮೀಟರಿನಿಂದ. ಅದರ ಮಟ್ಟಗಳೂ 5, 9, 11 ಅಂತ ಹಾರಿಕೊಂಡು ಹೋಗುತ್ತವೆ, ಹಾಗಾಗಿ 16 ಅನ್ನೋದು ಹದಿನಾರನೇ ನಿಮಿಷ ಅಲ್ಲ. 16.1 ಅಂದರೆ ಒಟ್ಟು 1120 ಮೀಟರ್ ಓಟ. ಬಾಂಗ್ಸ್‌ಬೋ ಅವರ ಸೂತ್ರ, ದೂರವನ್ನು 0.0084ರಿಂದ ಗುಣಿಸಿ 36.4 ಕೂಡಿಸಿದರೆ, ಸುಮಾರು 45.8. ಬೀಪ್ ಟೆಸ್ಟಿನ ಹತ್ತನೇ ಹಂತಕ್ಕೆ ಕಾಕಾ ಕೊಟ್ಟ ಸೂತ್ರದಲ್ಲಿ 50.6. ಈಗ ಯಾರು ದೊಡ್ಡವರು ಹೇಳಿ.

ಆದರೆ ಯೋ-ಯೋ ದೂರವನ್ನು ವಿಒ2 ಮ್ಯಾಕ್ಸಿಗೆ ಬದಲಿಸೋದು ನನಗಂತೂ ಇಷ್ಟವಿಲ್ಲ. ಒಂದೇ ವಿಒ2 ಮ್ಯಾಕ್ಸ್ ಇರುವ ಇಬ್ಬರು ಅದರಲ್ಲಿ ತುಂಬಾ ಬೇರೆ ಬೇರೆ ದೂರ ಓಡುತ್ತಾರೆ. 10 ಸೆಕೆಂಡಿನಲ್ಲಿ ಯಾರು ಬೇಗ ಸುಧಾರಿಸುತ್ತಾರೆ ಅನ್ನೋದೂ ಅದರಲ್ಲಿ ಸೇರಿರುತ್ತದೆ. ಕಬಡ್ಡಿ, ಫುಟ್‌ಬಾಲ್ ಹುಡುಗರಿಗೆ ಅದು ಬೇಕಾದ ಗುಣವೇ. 1600 ಮೀಟರ್ ಓಡುವವನಿಗೆ ದಾರಿಯಲ್ಲಿ ಯಾರೂ 10 ಸೆಕೆಂಡ್ ಬಿಡುವು ಕೊಡುವುದಿಲ್ಲ.

ಬೀದರಿನ ಎತ್ತರಕ್ಕೆ ರಿಯಾಯಿತಿ ಇಲ್ಲ, ಕ್ಷಮಿಸಿ. ಸಾಮಾನ್ಯ ಓಟಗಾರರಿಗೆ ಎತ್ತರದ ಪೆಟ್ಟು ಎದ್ದು ಕಾಣೋದು 1500 ಮೀಟರಿನ ಆಸುಪಾಸಿನಿಂದ ಮೇಲೆ.

ಕೋಟೆ_ಬೀದರ್

ಸರಿ ಮೇಡಂ, ಎತ್ತರ ವಾಪಸ್ ತಗೊಂಡೆ. ಆದರೆ ಕೂಪರ್ ಟೆಸ್ಟ್ ಅಮೆರಿಕದ ವಾಯುಪಡೆಗೆ ಅಂತ ಮಾಡಿದ್ದು, ನಾವಿರೋದು ಏರ್‌ಫೋರ್ಸ್ ಸ್ಟೇಷನ್ ಇರೋ ಊರು. ಅಷ್ಟು ಹೆಮ್ಮೆ ಬಿಟ್ಟುಕೊಡಲ್ಲ.

ಜೇವರ್ಗಿ_ರನ್ನರ್

ಅಕ್ಕಾ, ವಾಚಿನ ಬಗ್ಗೆ ಒಂದು ಪ್ರಶ್ನೆ. ನಂದು ಫೆಬ್ರವರಿಯಾಗ 50 ತೋರಿಸ್ತಿತ್ತು, ಮೇ ತಿಂಗಳಿಗೆ 46ಕ್ಕ ಇಳೀತು. ಪ್ರಾಕ್ಟೀಸ್ ಒಂದಿನಾನೂ ಬಿಟ್ಟಿಲ್ಲ. ದಮ್ಮು ಕಮ್ಮಿ ಆಯ್ತೇನು?

ಆಳಂದ_ಲ್ಯಾಬ್

ಕಲಬುರಗಿಯ ಮೇ ತಿಂಗಳು ಅಂದಮೇಲೆ ಉತ್ತರ ಅದರಲ್ಲೇ ಇದೆ. ವಾಚು ನೋಡೋದು ಎರಡೇ: ಜಿಪಿಎಸ್ಸಿನಿಂದ ವೇಗ, ಮಣಿಕಟ್ಟಿನಿಂದ ನಾಡಿ. "ಇಷ್ಟು ವೇಗಕ್ಕೆ ಇಷ್ಟು ಬಡಿತ, ಹಾಗಾದರೆ ಇವನ ಗರಿಷ್ಠ ಇಷ್ಟಿರಬೇಕು" ಅಂತ ಮುಂದಕ್ಕೆ ಗೆರೆ ಎಳೆಯುತ್ತದೆ. 40 ಡಿಗ್ರಿ ಬಿಸಿಲಿನ ಊರಲ್ಲಿ ಮುಂಜಾನೆ ಆರಕ್ಕೂ ಧಗೆ ಇರುತ್ತದೆ. ಮೈ ತಂಪು ಮಾಡಲು ರಕ್ತ ಚರ್ಮಕ್ಕೆ ಹರಿಯುತ್ತದೆ, ಬೆವರಿಗೆ ನೀರು ಹೋಗುತ್ತದೆ, ಅದೇ ವೇಗಕ್ಕೆ ಬಡಿತ ಹತ್ತು ಹದಿನೈದು ಹೆಚ್ಚು. ವಾಚಿಗೆ ಅದು ಸೋಮಾರಿತನದ ಹಾಗೆ ಕಾಣುತ್ತದೆ.

ಇನ್ನೊಂದು, ವಾಚಿನಲ್ಲಿ ನಿಮ್ಮ ಗರಿಷ್ಠ ನಾಡಿ ಎಷ್ಟು ಅಂತ ಹಾಕಿದ್ದೀರಿ? ಏನೂ ಹಾಕದಿದ್ದರೆ ವಯಸ್ಸು ನೋಡಿ ತಾನೇ ಊಹಿಸುತ್ತದೆ. 220ರಲ್ಲಿ ವಯಸ್ಸು ಕಳೆಯೋದಾಗಲಿ, 208ರಲ್ಲಿ ವಯಸ್ಸಿನ 0.7 ಪಟ್ಟು ಕಳೆಯೋದಾಗಲಿ ಗುಂಪಿನ ಸರಾಸರಿಗೆ ಸರಿ, ಒಬ್ಬೊಬ್ಬರಿಗೆ 10 ಬಡಿತ ಆಚೀಚೆ ಆಗೋದು ಮಾಮೂಲು. ನಿಜವಾದ ಗರಿಷ್ಠ 205 ಇರುವವನಿಗೆ ವಾಚು 195 ಅಂದುಕೊಂಡರೆ ನಂಬರ್ ಸುಮ್ಮನೆ ಕೆಳಗೆ ಬರುತ್ತದೆ.

ಇಸಿಜಿ_ಅಣ್ಣ

ಮಣಿಕಟ್ಟಿನ ಹಸಿರು ಲೈಟಿಗಿಂತ ಎದಿಗೆ ಕಟ್ಟೋ ಬೆಲ್ಟ್ ಛಲೋ. ವಾಚು ಸಡಿಲ ಕಟ್ಟಿದ್ರ ಅದು ಎಣಸೋದು ನಿನ್ನ ಹೆಜ್ಜಿ, ನಾಡಿ ಅಲ್ಲ.

ಆಳಂದ_ಲ್ಯಾಬ್

ಮಾಸ್ತರ್, ಈಗ 44ಕ್ಕೆ ಬರೋಣ, ನನ್ನನ್ನು ಕಾಡುತ್ತಿರೋದು ಅದು. ಕೆನೆತ್ ಕೂಪರ್ 1968ರಲ್ಲಿ ವಾಯುಪಡೆಯ 115 ಗಂಡಸರನ್ನು 12 ನಿಮಿಷ ಓಡಿಸಿ, ಟ್ರೆಡ್‌ಮಿಲ್ಲಿನಲ್ಲೂ ಅಳೆದು ಹೋಲಿಸಿದರು. ಎರಡಕ್ಕೂ ಇದ್ದ ಸಂಬಂಧ ಹೆಚ್ಚುಕಡಿಮೆ 0.9 (1 ಅಂದರೆ ಪೂರ್ತಿ ಹೊಂದಿಕೆ), ತುಂಬಾ ಒಳ್ಳೆಯದು. ಸೂತ್ರ ನಿಮಗೆ ಗೊತ್ತೇ ಇದೆ: ಮೀಟರಿನಲ್ಲಿ ದೂರ, ಅದರಲ್ಲಿ 504.9 ಕಳೆದು 44.73ರಿಂದ ಭಾಗಿಸೋದು. 100 ಮೀಟರ್ ಹೆಚ್ಚು ಓಡಿದರೆ 2.2 ಅಂಕ ಹೆಚ್ಚು.

1600 ಮೀಟರನ್ನು 6:28ಕ್ಕೆ ಮುಗಿಸುವವನು 12 ನಿಮಿಷಕ್ಕೆ 2800ರ ಹತ್ತಿರ ಬರಬೇಕು. 2480 ಅಂದರೆ ಏನೋ ಎಡವಟ್ಟಾಗಿದೆ. ಲ್ಯಾಪ್ ಟೈಮ್ ಬರೆದಿಟ್ಟಿದ್ದೀರಾ?

ಗ್ರೌಂಡ್_ಮಾಸ್ತರ್

ಬರದಿಟ್ಟೀನಿ ಮೇಡಂ, ನಮ್ಮ ಹುಡುಗ ಒಬ್ಬ ಸ್ಟಾಪ್‌ವಾಚ್ ಹಿಡದಿದ್ದ. 400 ಮೀಟರಿನ ಸುತ್ತು ಹಿಂಗ ಅದಾವ:

1:35, 1:45, 1:56, 2:04, 2:08, 2:07. ಆರು ಸುತ್ತಿಗೆ 11:35, ಉಳದ 25 ಸೆಕೆಂಡಿಗೆ 80 ಮೀಟರ್.

ಖೋಖೋ_ಕಾಕಾ

ಯಪ್ಪಾ. ಮೊದಲ್ನೇ ಸುತ್ತು 1:35? 1600ಕ್ಕೇ ಅಂವ ಸುತ್ತಿಗೆ 1:37 ತಗೋತಾನ. 12 ನಿಮಿಷದ ಓಟಕ್ಕ ಅದಕ್ಕಿಂತ ಜೋರು ಹೋಗ್ಯಾನ ಮಗ.

ಆಳಂದ_ಲ್ಯಾಬ್

ಸಿಕ್ಕಿತು. ಎರಡನೇ ಸುತ್ತಿನ ಹೊತ್ತಿಗೇ ಸಾಲ ತಗೊಂಡು ಓಡಿದ್ದಾನೆ, ಮೂರರಿಂದ ತೀರಿಸ್ತಾ ಹೋಗಿದ್ದಾನೆ. ಅದೇ ಹುಡುಗ ಸುತ್ತಿಗೆ 1:43ರಂತೆ ಒಂದೇ ಸಮನೆ ಓಡಿದ್ದರೆ ಏಳು ಸುತ್ತು ಹೆಚ್ಚುಕಡಿಮೆ ಮುಗಿಯುತ್ತಿತ್ತು, 51ರ ಆಸುಪಾಸು. 44 ಅಂಕ ಅವನ ಹೃದಯದ್ದಲ್ಲ, ಓಡುವ ಲೆಕ್ಕಾಚಾರದ್ದು. ಕೂಪರ್ ಟೆಸ್ಟ್, ಒಂದೂವರೆ ಮೈಲಿ ಓಟ, ಯಾವುದೇ ಇರಲಿ, ವೇಗವನ್ನು ಓಡುವವನ ಕೈಗೇ ಬಿಡುವ ಟೆಸ್ಟುಗಳಲ್ಲಿ ಹೊಸಬರ ಫಲಿತಾಂಶ ಯಾವಾಗಲೂ ಹೀಗೇ ಕೆಡುತ್ತದೆ. ಬೀಪ್ ಟೆಸ್ಟಿನ ಪರವಾಗಿ ನಾನು ಹೇಳೋ ದೊಡ್ಡ ಮಾತು ಇದೊಂದೇ: ವೇಗವನ್ನು ಬೀಪು ಹಿಡಿಯುತ್ತದೆ, ಹುಡುಗನ ಹುರುಪು ಹಿಡಿಯೋದಿಲ್ಲ.

1600ರಿಂದ ಬಂದ 52 ಕೂಡ ಅಷ್ಟು ಶುದ್ಧ ಅಲ್ಲ. ಆರು ನಿಮಿಷ ಚಿಲ್ಲರೆಯ ಓಟದಲ್ಲಿ ಬಹುಪಾಲು ಶಕ್ತಿ ಆಮ್ಲಜನಕದ್ದೇ, ಆದರೆ ಪೂರ್ತಿ ಅಲ್ಲ. ಕೊನೆಯ ಸುತ್ತಿನಲ್ಲಿ ಹಲ್ಲು ಕಚ್ಚಿ ಓಡಿದ್ದರ ಪಾಲೂ ಅದರಲ್ಲಿದೆ. ಎಸ್‌ಎಸ್‌ಸಿ ಜಿಡಿಯ 5 ಕಿಲೋಮೀಟರ್, 24 ನಿಮಿಷ, ಅದರಲ್ಲಿ ಹಾಗೆ ಬಚಾವಾಗಲು ಬರೋದಿಲ್ಲ. ಗಂಟೆಗೆ 12.5 ಕಿಲೋಮೀಟರನ್ನು 24 ನಿಮಿಷ ಹಿಡಿಯಬೇಕು. ಪೊಲೀಸ್ ಭರ್ತಿಯ 1600 ಮೀಟರನ್ನು 6:30ರೊಳಗೆ ಮುಗಿಸಿದ ಎಷ್ಟೋ ಹುಡುಗರು ಅಲ್ಲಿ ಬಿದ್ದುಹೋಗೋದು ಅದಕ್ಕೇ.

ಯಾದಗಿರಿ_ಟೀಚರ್

ನಿಮ್ಮ ಮಾತೆಲ್ಲ ಗಂಡುಹುಡುಗರದ್ದೇ ಆಯ್ತಲ್ಲ. ನಾನು ಸರಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮಲ್ಲಿ ಮೈದಾನ ಅಂದರೆ ಧ್ವಜಕಟ್ಟೆ ಸುತ್ತಲಿನ ಜಾಗ. ಖೇಲೋ ಇಂಡಿಯಾ ಪಟ್ಟಿಯಲ್ಲಿರುವ 600 ಮೀಟರ್ ಓಟ ಮಾಡಿಸ್ತೀನಿ, ಮಕ್ಕಳು ಮೂಲೆ ಮೂಲೆಗೂ ತಿರುಗಿ ತಿರುಗಿ ಓಡಬೇಕು. ಹೆಣ್ಣುಮಕ್ಕಳು ಸಲ್ವಾರ್‌ನಲ್ಲಿ, ಕೆಲವರು ಬರಿಗಾಲಲ್ಲಿ. ಹಾಗಾಗಿ ಸ್ಟೆಪ್ ಟೆಸ್ಟ್ ಶುರು ಮಾಡಿದ್ದೀನಿ. ವರಾಂಡದ ಕಟ್ಟೆ ಹತ್ತೋದು ಇಳಿಯೋದು, ಮೂರು ನಿಮಿಷ. ನಾಡಿ ಎಣಿಸಿ ಕ್ವೀನ್ಸ್ ಕಾಲೇಜ್ ಸೂತ್ರ ಹಾಕ್ತೀನಿ. ಇದಕ್ಕೇನಂತೀರಿ?

ಆಳಂದ_ಲ್ಯಾಬ್

ನಿಮ್ಮ ಕಟ್ಟೆಯ ಎತ್ತರ ಎಷ್ಟು ಟೀಚರ್? ಆ ಟೆಸ್ಟಿಗೆ 41.3 ಸೆಂಟಿಮೀಟರೇ ಬೇಕು. ಗಂಡಸರು ನಿಮಿಷಕ್ಕೆ 24 ಸಲ, ಹೆಂಗಸರು 22 ಸಲ ಹತ್ತಿ ಇಳಿಯಬೇಕು. ಮೆಟ್ರೊನೋಮ್ ಆ್ಯಪಿನಲ್ಲಿ 96 ಮತ್ತು 88 ಇಟ್ಟರೆ ಪ್ರತಿ ಟಿಕ್ಕಿಗೆ ಒಂದು ಹೆಜ್ಜೆ. ಮುಗಿದ ಮೇಲೆ ನಿಂತೇ ಇರಬೇಕು, 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ನಾಡಿ ಎಣಿಸಿ ನಾಲ್ಕರಿಂದ ಗುಣಿಸೋದು. ಹೆಂಗಸರಿಗೆ 65.81ರಲ್ಲಿ ನಾಡಿಯ 0.1847 ಪಟ್ಟು ಕಳೆಯಬೇಕು. 156 ಬಂದರೆ 37. ಎಣಿಕೆಯಲ್ಲಿ ಒಂದು ಬಡಿತ ತಪ್ಪಿದರೆ ನಾಡಿಯಲ್ಲಿ ನಾಲ್ಕು ತಪ್ಪಿದ ಹಾಗೆ.

ಆದರೆ ಆ ಸೂತ್ರ ಕಾಲೇಜಿನ ವಿದ್ಯಾರ್ಥಿಗಳದ್ದು. ಎಂಟನೇ ತರಗತಿಯ ಗಿಡ್ಡ ಹುಡುಗಿಗೆ ಆ ಕಟ್ಟೆ ಮೊಣಕಾಲಿಗೆ ಬರುತ್ತದೆ, ಅವಳ ತೊಡೆ ಸೋಲುತ್ತದೆಯೇ ಹೊರತು ದಮ್ಮು ಸೋಲೋದಿಲ್ಲ. ಪರೀಕ್ಷೆ ಅಂದ ಕೂಡಲೇ ಅರ್ಧ ಮಕ್ಕಳ ನಾಡಿ ಏರಿರುತ್ತದೆ, ಅದು ಇನ್ನೊಂದು. ನನ್ನ ಮಾತು ಕೇಳಿದರೆ ವಿಒ2 ಅಂತ ಬರೆಯಲೇಬೇಡಿ. ಕಟ್ಟೆಯ ಎತ್ತರ ಬರೆದಿಡಿ, ಅದೇ ಕಟ್ಟೆ, ಅದೇ ಹೊತ್ತು, ಅದೇ ಟಿಕ್ಕು ಇಟ್ಟು ಜೂನಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ನಾಡಿ ಮಾತ್ರ ಬರೆಯಿರಿ. ಇಳಿದಿದ್ದರೆ ಮಗು ಗಟ್ಟಿಯಾಗಿದೆ.

ಖೋಖೋ_ಕಾಕಾ

ಟೀಚರಮ್ಮ, 20 ಮೀಟರ್ ಸಿಗಂಗಿಲ್ಲೇನು ಧ್ವಜಕಟ್ಟಿ ಹತ್ರ? ಉದ್ದಕ್ಕ 20 ಮೀಟರ್, ತಿರುಗಲಿಕ್ಕೆ ಒಂದೆರಡು ಹೆಜ್ಜಿ, ಅಷ್ಟೇ. ಹುಡುಗೇರು ನಾಕ್ನಾಕು ಮಂದಿ ಓಡ್ಲಿ.

ಯಾದಗಿರಿ_ಟೀಚರ್

25 ಮೀಟರ್ ಸಿಗ್ತದ ಕಾಕಾ. ಆದರ 27.4 ಕಳೆಯೋ ಸೂತ್ರ ಮಕ್ಕಳಿಗೂ ನಡೀತದೇನು?

ಆಳಂದ_ಲ್ಯಾಬ್

ಮಕ್ಕಳಿಗೆ ಬೇರೆ ಇದೆ. 1988ರಲ್ಲಿ ಲೆಜರ್ ಮತ್ತು ಜೊತೆಗಾರರು 8ರಿಂದ 19 ವರ್ಷದವರಿಗೆ ವಯಸ್ಸನ್ನೂ ಸೇರಿಸಿ ಕೊಟ್ಟರು: 31.025ಕ್ಕೆ ವೇಗದ 3.238 ಪಟ್ಟು ಕೂಡಿಸಿ, ವಯಸ್ಸಿನ 3.248 ಪಟ್ಟು ಕಳೆಯಿರಿ, ಆಮೇಲೆ ವಯಸ್ಸು ಮತ್ತು ವೇಗದ ಗುಣಲಬ್ಧದ 0.1536 ಪಟ್ಟು ಕೂಡಿಸಿ. 15 ವರ್ಷದ ಮಗು 12 ಕಿಲೋಮೀಟರಿನ ಹಂತ ಮುಗಿಸಿ ನಿಂತರೆ 48.8. ಆಡಿಯೋ ಹಾಕುವ ಮೊದಲು ಅದು ಎಷ್ಟು ವೇಗದಿಂದ ಶುರುವಾಗುತ್ತದೆ ಅಂತ ನೋಡಿಕೊಳ್ಳಿ. 8.5ರಿಂದ ಶುರುವಾಗೋದೂ ಇದೆ, 8ರಿಂದ ಶುರುವಾಗಿ ಎರಡನೇ ನಿಮಿಷಕ್ಕೆ 9ಕ್ಕೆ ಹಾರೋದೂ ಇದೆ.

ಓದುಗ_ಶಹಾಬಾದ್

ನಡುವೆ ಬಂದೆ, ಬೇಜಾರಾಗಬೇಡಿ. ನನಗೆ 58, ಶುಗರ್ ಇದೆ. ಅಪ್ಪನ ಕೆರೆ ಸುತ್ತ ದಿನಾ ವಾಕಿಂಗ್. ನಾನು ಯಾವುದು ಮಾಡಲಿ?

ಇಸಿಜಿ_ಅಣ್ಣ

ಬೀಪು, ಕೂಪರ್ ಎರಡೂ ಬ್ಯಾಡ ಕಾಕಾ. ಮೊದ್ಲು ಡಾಕ್ಟ್ರ ಹತ್ರ ಹೋಗ್ರಿ. ಅವರು ಅಡ್ಡಿಲ್ಲ ಅಂದ್ರ ಒಂದು ಮೈಲಿ, ಅಂದ್ರ 1609 ಮೀಟರ್, ಸಾಧ್ಯ ಆದಷ್ಟು ಬಿರುಸಾಗಿ ನಡೀರಿ. ವೇಳೆ, ಮುಗಿದ ಕೂಡ್ಲೇ ನಾಡಿ, ಎರಡೂ ಬರದಿಡ್ರಿ. ರಾಕ್‌ಪೋರ್ಟ್ ನಡಿಗಿ ಟೆಸ್ಟ್ ಅಂತಾರ ಅದಕ್ಕ. ಬಿಪಿ, ಶುಗರ್ ಗುಳಿಗಿ ಹೆಸರೂ ಬರೀರಿ, ಕೆಲವು ಬಿಪಿ ಗುಳಿಗಿ ನಾಡಿ ಏರಗೊಡಂಗಿಲ್ಲ, ಆಗ ಲೆಕ್ಕ ತಪ್ತದ. ದವಾಖಾನಿಯಾಗ 30 ಮೀಟರ್ ವರಾಂಡದಾಗ ಆರು ನಿಮಿಷ ನಡಸ್ತಾರಲ್ಲ, ಅದು ಎದಿ, ಪುಪ್ಪುಸದ ರೋಗ ಇದ್ದವರಿಗೆ.

ಗ್ರೌಂಡ್_ಮಾಸ್ತರ್ · ಕೆಲವು ವಾರಗಳ ನಂತರ

ಎರಡೂ ಮಾಡಿಸಿದೆ. ಮೊದಲು ಬೀಪ್, ಆಮ್ಯಾಲ ಎರಡು ದಿನ ವಿಶ್ರಾಂತಿ ಕೊಟ್ಟು ಕೂಪರ್. ಎರಡೂ ಮುಂಜಾನಿ ಆರಕ್ಕ, ಒಂದೇ ಬೂಟು.

ಬೀಪಿನಾಗ ಒಂಬತ್ತನೇ ಹಂತ ಪೂರಾ ಮಾಡಿದ, ಹತ್ತನೇದರ ನಡುವ ಬಿಟ್ಟ. 47.6. ಕಾಕಾ ಹೇಳಿದಂಗ ಬಲಗಾಲೇ ಊರ್ತಾನ, ಕೊನೆ ಕೊನೆಗೆ ತಿರುಗೋವಾಗ ಎರಡು ಹೆಜ್ಜಿ ಹೆಚ್ಚು ತಗೊಂತಿದ್ದ.

ಕೂಪರಿಗೆ ನಾನೇ ಪ್ರತಿ 200 ಮೀಟರಿಗೆ ಸೀಟಿ ಊದಿದೆ, ಸುತ್ತಿಗೆ 1:45ರ ಲೆಕ್ಕ. "ಸರ್, ಇದೇನು ಎಮ್ಮಿ ನಡಿಗಿ" ಅಂತ ಮೊದಲ ಎರಡು ಸುತ್ತು ಬೈದುಕೊಂಡೇ ಓಡಿದ. ಐದನೇ ಸುತ್ತಿಗೆ ಮಾತು ನಿಂತ್ವು. 2720 ಮೀಟರ್. 49.5.

ಜೇವರ್ಗಿ_ರನ್ನರ್

44ರಿಂದ 49.5! ಕೆಲವೇ ವಾರದಾಗ? ಏನು ತಿನ್ನಿಸಿದ್ರಿ ಸರ್?

ಆಳಂದ_ಲ್ಯಾಬ್

ಸೀಟಿ ತಿನ್ನಿಸಿದ್ದಾರೆ. ದಮ್ಮು ಇಷ್ಟು ಬೇಗ ಇಷ್ಟು ಏರೋದಿಲ್ಲ, ಏರಿದ್ದು ಓಟದ ಲೆಕ್ಕಾಚಾರ.

47.6, 49.5 ಇವೆರಡನ್ನು ಬೇರೆ ಬೇರೆ ಅಂತ ನೋಡಬೇಡಿ. ಮೈದಾನದ ಟೆಸ್ಟಿಗೆ ಎರಡು ಮೂರು ಅಂಕದ ವ್ಯತ್ಯಾಸ ಲೆಕ್ಕಕ್ಕಿಲ್ಲ. ಮಾಸ್ಕ್ ಹಾಕಿ ಎರಡು ದಿನ ಬಿಟ್ಟು ಮತ್ತೆ ಅಳೆದರೂ ಅದೇ ಅಂಕಿ ಬರೋದಿಲ್ಲ, ಸ್ವಲ್ಪ ಆಚೀಚೆ ಆಗೇ ಆಗುತ್ತದೆ. ಇನ್ನು ಅವನನ್ನು ಸೈಕಲ್ ಮೇಲೆ ಕೂರಿಸಿ ಅಳೆದಿದ್ದರೆ 5ರಿಂದ 10 ಪರ್ಸೆಂಟ್ ಕಮ್ಮಿ ಬರ್ತಿತ್ತು. ಸೈಕಲ್ ತುಳಿದು ರೂಢಿ ಇಲ್ಲದವರ ತೊಡೆ ಮೊದಲು ಕೈಕೊಡುತ್ತದೆ.

ಖೋಖೋ_ಕಾಕಾ

ನಾ ಇನ್ನೂ ಬೀಪಿನ ಕಡಿನೇ. ಸೀಟಿ ಊದೋ ಮಾಸ್ತರ ಒಂದಿನ ನಿದ್ದಿಗಣ್ಣಾಗ ಬಂದ್ರ ಕೂಪರ್ ಕೆಟ್ಟಂಗ.

ಆಳಂದ_ಲ್ಯಾಬ್

ಬೀಪು ಗುಂಪಿಗೆ ಇಟ್ಟುಕೊಳ್ಳಿ ಕಾಕಾ, ಅಡ್ಡಿಯಿಲ್ಲ. 1600, 5 ಕಿಲೋಮೀಟರ್ ಓಡಬೇಕಾದವರಿಗೆ ಮಾತ್ರ ಕೂಪರೇ ವಾಸಿ ಅಂತೀನಿ. ನೇರ ಓಟ, ಅದೇ ಟ್ರ್ಯಾಕು, ವೇಗ ಹಿಡಿಯೋ ಪಾಠವೂ ಅದರಲ್ಲೇ ಆಗುತ್ತದೆ. ಭರ್ತಿಯ ದಿನ ಬೀಪು ಯಾರೂ ಹಾಕೋದಿಲ್ಲ.

ಖೋಖೋ_ಕಾಕಾ

ಅದೂ ಖರೆ ಅದ ಬಿಡವ್ವಾ. ನನ್ನ ಹುಡುಗರು ಖೋಖೋದವರು, ನನಗ ತಿರುಗೋದೇ ಬೇಕು.

ಯಾದಗಿರಿ_ಟೀಚರ್

ನಮ್ಮ 25 ಮೀಟರಿನಲ್ಲಿ ನಿನ್ನೆ ಒಂಬತ್ತನೇ ತರಗತಿಯವರನ್ನ ಓಡಿಸಿದೆ. ಸ್ಪೀಕರ್ ಪ್ರಾರ್ಥನೆಯದ್ದೇ ತಂದೆ. ಬರಿಗಾಲಿನ ಒಬ್ಬಳು ಎಲ್ಲರಿಗಿಂತ ಮುಂದೆ, ಎಂಟನೇ ಹಂತ. ಬೂಟು ಹಾಕಿದವರ ಜೊತೆ ಅವಳದ್ದನ್ನ ಒಂದೇ ಪಟ್ಟಿಯಲ್ಲಿ ಬರೀಬಹುದಾ?

ಆಳಂದ_ಲ್ಯಾಬ್

ಬರೀರಿ, ಪಕ್ಕದಲ್ಲಿ ಬರಿಗಾಲು ಅಂತಲೂ ಬರೀರಿ. ಮುಂದಿನ ಸಲ ಬೂಟು ಕೊಡಿಸಿ ಓಡಿಸಿದರೆ ಏರಿದ ಅಂಕ ಬೂಟಿನದೋ ಅವಳದೋ ಆಗ ಗೊತ್ತಾಗಬೇಕಲ್ಲ. ವಯಸ್ಸು 14 ಇದ್ದರೆ ಲೆಕ್ಕ ನಾನೇ ಮಾಡಿ ಹಾಕ್ತೀನಿ.

ಯಾದಗಿರಿ_ಟೀಚರ್

14 ತುಂಬಿ ಮೂರು ತಿಂಗಳು.

ಆಳಂದ_ಲ್ಯಾಬ್

ಹಾಗಾದರೆ 14 ಹಿಡಿಯೋಣ, ವೇಗ 12. ಸುಮಾರು 50 ಬರುತ್ತದೆ. ಟೀಚರ್, ತಾಲ್ಲೂಕು ಮಟ್ಟದ 1500 ಮೀಟರಿಗೆ ಅವಳ ಹೆಸರು ಕೊಟ್ಟಿದ್ದೀರಾ?